ಕನ್ನಡದ ಠಸ್ಸೆ ಎಲ್ಲಿದೆ?

ಹೊರನಾಡ ಕನ್ನಡಿಗ ಊರಿನವರ ಮೇಲೆ ಜಗಳ ತೆಗೆದರೆ ಅದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ನೀವು ನಮ್ಮನ್ನು ಮರೆತಿರಿ ಅಂತ. ಇನ್ನೊಂದು, ಹೊಲ-ಮನೆಯ ಪಾಲಿನ ಲೆಕ್ಕ ಸರಿಯಾಗಿ ಕೊಡಲಿಲ್ಲ ಅಂತ. ನನ್ನ ಜಗಳ ಇವೆರಡಕ್ಕೂ ಸೇರಿದ್ದಲ್ಲ. 36 ವರ್ಷ ಬ್ಯಾಂಕಿನಲ್ಲಿ ಠಸ್ಸೆ ಒತ್ತಿ ನಿವೃತ್ತನಾದ ನಾನು ಈಗ ಮನೆಯಲ್ಲಿ ಕೂತು ಬೇರೆ ಥರದ ಠಸ್ಸೆ ಒತ್ತುತ್ತೇನೆ. ಕೈಯಿಂದ ಶುಭಾಶಯ ಪತ್ರ ಮಾಡುತ್ತೇನೆ. ಈ ಕೆಲಸಕ್ಕೆ ಹೂವಿನ ಠಸ್ಸೆ ಸಿಗುತ್ತದೆ, ಹಕ್ಕಿಯದು ಸಿಗುತ್ತದೆ, ನಮ್ಮಲ್ಲಿ ಯಾರೂ ಕಾಣದ ಹಿಮ ಬಿದ್ದ ಗುಡಿಸಲಿನದೂ ಸಿಗುತ್ತದೆ. ಹ್ಯಾಪಿ ಬರ್ತ್‌ಡೇ, ಥ್ಯಾಂಕ್ ಯೂ ಅನ್ನುವ ಇಂಗ್ಲಿಷ್ ಠಸ್ಸೆಗಳು ನೂರಾರು ನಮೂನೆಯಲ್ಲಿ ಸಿಗುತ್ತವೆ. ಕನ್ನಡದ್ದು ಸಿಗುವುದಿಲ್ಲ. ಮುಂಬೈಯಲ್ಲಿ ಸಿಗದಿದ್ದರೆ ಅದು ಸಹಜ. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಅದನ್ನು ಕೇಳಲಿಕ್ಕೇ ಈ ಲೇಖನ.

ಇದೂ ಒಂದು ವಿಷಯವೇ ಅಂತ ನಗುವವರು ನಗಲಿ. ಧಾರವಾಡದ ನಮ್ಮ ಬೀಗರು ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಮೇಜಿನ ಮೇಲಿನ ಸಾಮಾನು ನೋಡಿ, “ಏನ್ರೀ ಸಾಹೇಬ್ರ, ಮ್ಯಾನೇಜರ್ ಆಗಿ ರಿಟೈರ್ ಆದವ್ರು ಸಣ್ಣ ಹುಡುಗ್ರಂಗ ಕಾಗದ ಕತ್ತರಸ್ಕೋತ ಕುಂತೀರಲ್ಲಾ” ಅಂದರು. ಜೊತೆಗಿದ್ದ ಡಾಕ್ಟರು, “ಇರ್ಲಿ ಬಿಡ್ರಿ, ಬೆರಳು ಆಡಿಸಿದ್ರ ಮರೆವಿನ ರೋಗ ದೂರ ಇರ್ತದ” ಅಂತ ನನ್ನ ಪರ ವಕಾಲತ್ತು ಮಾಡಿದರು. ಮೂರನೆಯವರದು ನೇರ ಪ್ರಶ್ನೆ: “ಒಂದನ್ನ ಎಷ್ಟಕ್ಕ ಮಾರ್ತೀರಿ?” ಹೆಂಗಸರ ಕೆಲಸ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಆದರೆ ನನ್ನ ಹೆಂಡತಿಯ ಕಡೆ ನೋಡಿ ನಕ್ಕ ನಗೆಯಲ್ಲಿ ಅದೂ ಇತ್ತು. ಆಟ, ಔಷಧ, ವ್ಯಾಪಾರ. ಮನುಷ್ಯ ಕೈಯಿಂದ ಮಾಡುವ ಕೆಲಸಕ್ಕೆ ಈ ಮೂರರ ಹೊರಗೆ ಅರ್ಥವೇ ಇರಬಾರದೆ? ಅಡಿಕೆ ಮಂಡಿಗಳಿಗೆ ಸಾಲ ಕೊಡಲು ನಲವತ್ತು ಪುಟದ ಪ್ರಸ್ತಾವ ಬರೆಯುತ್ತಿದ್ದಾಗ ಯಾರೂ ನಗುತ್ತಿರಲಿಲ್ಲ. ಆ ಪ್ರಸ್ತಾವಗಳನ್ನು ಇವತ್ತು ಯಾವ ರದ್ದಿಯವನೂ ಇಟ್ಟುಕೊಂಡಿಲ್ಲ. ನಾನು ಕೆಲಸ ಮಾಡಿದ ಬ್ಯಾಂಕು ಕೂಡ ಇನ್ನೊಂದರಲ್ಲಿ ವಿಲೀನವಾಗಿ, ಅದರ ಹೆಸರಿನ ಠಸ್ಸೆಗಳೆಲ್ಲ ರದ್ದಾದವು.

ನಗುವವರಲ್ಲಿ ಹೆಚ್ಚಿನವರಿಗೆ ಕೆಲಸ ಏನೆಂದೇ ಗೊತ್ತಿಲ್ಲ, ಆದ್ದರಿಂದ ಮೊದಲು ಅದನ್ನು ಹೇಳುತ್ತೇನೆ. ಹಾಳೆ ದಪ್ಪನೆಯದು, 250 ಅಥವಾ 300 ಜಿ.ಎಸ್.ಎಂ. ಎ-4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಚಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಕಾರ್ಡು. ಮಡಚುವ ಮೊದಲು ಮೊಂಡು ಮೊನೆಯಿಂದ ಗೆರೆ ಒತ್ತಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಹಾಳೆ ಬಿರಿಯುತ್ತದೆ. ಠಸ್ಸೆಯಲ್ಲಿ ಎರಡು ಜಾತಿ. ಮರದ ಹಿಡಿಕೆಯ ರಬ್ಬರಿನದು ನಿಮಗೆ ಗೊತ್ತಿರುವುದೇ. ಇನ್ನೊಂದು ಪಾರದರ್ಶಕ ಪಾಲಿಮರಿನದು. ಅದನ್ನು ಅಕ್ರಿಲಿಕ್ ಬಿಲ್ಲೆಗೆ ಅಂಟಿಸಿ ಒತ್ತುವುದರಿಂದ ಎಲ್ಲಿ ಬೀಳುತ್ತದೆ ಅನ್ನುವುದು ಮೇಲಿಂದಲೇ ಕಾಣುತ್ತದೆ.

ಠಸ್ಸೆ ಕೊಡುವುದು ಬರೀ ರೇಖೆ. ಬಣ್ಣ ತುಂಬುವುದು ಕೈಯಿಂದ. ಇಲ್ಲಿ ಒಂದು ನಿಯಮ ಇದೆ. ಆಲ್ಕೋಹಾಲ್ ಮಾರ್ಕರಿನಿಂದ ಬಣ್ಣ ತುಂಬುವುದಾದರೆ ರೇಖೆಯ ಶಾಯಿ ನೀರಿನ ಮೂಲದ್ದಾಗಿರಬೇಕು. ಜಲವರ್ಣ ತುಂಬುವುದಾದರೆ ರೇಖೆಯ ಶಾಯಿ ನೀರಿಗೆ ಕರಗದಂಥದ್ದಾಗಿರಬೇಕು. ಅದಲು ಬದಲಾದರೆ ಕಪ್ಪು ಗೆರೆ ಕದಡಿ ಗುಲಾಬಿಯ ಮುಖಕ್ಕೆಲ್ಲ ಮಸಿ. ಡೆಬಿಟ್ಟನ್ನು ಕ್ರೆಡಿಟ್ ಕಡೆ ಬರೆದ ಹಾಗೆ, ಆಮೇಲೆ ತಿದ್ದುಪಡಿ ನಡೆಯುವುದಿಲ್ಲ. ಮಾರ್ಕರಿನಲ್ಲಿ ಒಂದೇ ಬಣ್ಣದ ಮೂರು ಛಾಯೆ ಬೇಕು. ತಿಳಿಯದರಿಂದ ಶುರು ಮಾಡಿ, ನೆರಳು ಬೀಳುವಲ್ಲಿ ಗಾಢವನ್ನು ಹಾಕಿ, ಹಸಿ ಇರುವಾಗಲೇ ತಿಳಿ ಬಣ್ಣದಿಂದ ಅಂಚನ್ನು ಕರಗಿಸಬೇಕು. ಡೈ ಅಂದರೆ ಹರಿತ ಅಂಚಿನ ತೆಳ್ಳನೆಯ ಉಕ್ಕಿನ ಅಚ್ಚು. ಅದನ್ನು ಹಾಳೆಯ ಮೇಲಿಟ್ಟು ಎರಡು ಹಲಗೆಗಳ ನಡುವೆ ಸೇರಿಸಿ, ಕೈಯಿಂದ ತಿರುಗಿಸುವ ಉರುಳೆಯಂತ್ರದಲ್ಲಿ ಹಾಯಿಸಬೇಕು. ಕಬ್ಬಿನ ಹಾಲಿನ ಗಾಡಿಯವನು ಕಬ್ಬು ಹಾಯಿಸುವ ಹಾಗೆಯೇ. ಆಚೆ ಕಡೆ ಎಲೆಯೋ ಹೂವೋ ಕತ್ತರಿಸಿಕೊಂಡು ಬರುತ್ತದೆ. ಇನ್ನು ಉಬ್ಬು ಅಕ್ಷರ. ಅಂಟು ಶಾಯಿಯಲ್ಲಿ ಠಸ್ಸೆ ಒತ್ತಿ, ಮೇಲೆ ಪುಡಿ ಉದುರಿಸಿ, ಬಿಸಿಗಾಳಿ ಹಿಡಿದರೆ ಪುಡಿ ಕರಗಿ ಉಬ್ಬಿ ಹೊಳೆಯುತ್ತದೆ. ಕೂದಲು ಒಣಗಿಸುವ ಯಂತ್ರ ಹಿಡಿದರೆ ಪುಡಿಯೇ ಹಾರಿಹೋಗುತ್ತದೆ. ಮುಂಬೈಯ ಜೂನ್-ಜುಲೈಯಲ್ಲಿ ಗಾಳಿಯಲ್ಲೇ ನೀರು, ಹಾಳೆಯ ತುಂಬ ಪುಡಿ ಅಂಟಿಕೊಳ್ಳುತ್ತದೆ. ಅದಕ್ಕೆ ಮೊದಲೇ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಹಾಳೆಗೆ ತೆಳ್ಳಗೆ ಸವರಿ ಝಾಡಿಸಬೇಕು. ಇಷ್ಟು ಗೊತ್ತಾಗಲಿಕ್ಕೆ ಎರಡು ಮಳೆಗಾಲ ಬೇಕು. ಸಣ್ಣ ಹುಡುಗರ ಆಟವಂತೆ!

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಇದು ಸಾಹೇಬರ ಪದ್ಧತಿ, ನಮ್ಮದಲ್ಲ ಅನ್ನುವುದು. ಒಪ್ಪಿದೆ, ಅಂಚೆಯಲ್ಲಿ ಕಾರ್ಡು ಕಳಿಸುವ ಪದ್ಧತಿ ಲಂಡನ್ನಿನಿಂದ ಬಂದದ್ದು. ಅಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಶುರುವಾಯಿತು. 1843ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಜಾನ್ ಹಾರ್ಸ್‌ಲೀ ಎಂಬ ಚಿತ್ರಕಾರನಿಂದ ಬರೆಸಿದ ಕ್ರಿಸ್‌ಮಸ್ ಕಾರ್ಡು ಮಾರಾಟಕ್ಕೆ ಬಂದ ಮೊದಲನೆಯದು, ಬೆಲೆ ಒಂದು ಶಿಲಿಂಗ್. ಅದನ್ನು ಕಲ್ಲಚ್ಚಿನಲ್ಲಿ ರೇಖೆ ಒತ್ತಿ, ಆಮೇಲೆ ಕೈಯಿಂದ ಬಣ್ಣ ತುಂಬಿದ್ದರು. ನಾನು ಡೊಂಬಿವಲಿಯಲ್ಲಿ ಮಾಡುತ್ತಿರುವುದೂ ಅದನ್ನೇ. ಆದರೆ ಅದೇ 1843ರ ಜುಲೈಯಲ್ಲಿ ನಮ್ಮ ಮಂಗಳೂರಿನಲ್ಲಿ, ಅದೇ ಕಲ್ಲಚ್ಚಿನಲ್ಲಿ, ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಅವನೂ ಪರದೇಶದವನೇ, ಯಂತ್ರವೂ ಪರದೇಶದ್ದೇ. ಕನ್ನಡದ ಮೊದಲ ಪತ್ರಿಕೆ ಅಂತ ಅದನ್ನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇವೆ, ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಪತ್ರಿಕೆಗೆ ಒಂದು ನ್ಯಾಯ, ಶುಭಾಶಯ ಪತ್ರಕ್ಕೆ ಇನ್ನೊಂದು ನ್ಯಾಯವೇ? ಯಂತ್ರ ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ ಅದರಲ್ಲಿ ನಾವು ಯಾವ ಭಾಷೆ ಒತ್ತಿದೆವು ಎಂದು ಕೇಳಬೇಕು. 1843ರಲ್ಲಿ ಕನ್ನಡ ಒತ್ತಿದರು. ಈಗ ಇಂಗ್ಲಿಷ್ ಒತ್ತುತ್ತಿದ್ದೇವೆ.

ಇನ್ನು ‘ನಮ್ಮದಲ್ಲ’ ಅನ್ನುವವರು ತಮ್ಮ ಅಜ್ಜಿಯ ಟ್ರಂಕು ತೆಗೆದು ನೋಡಲಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಮನೆಮನೆಗೆ ಲಕ್ಷ್ಮಿ-ಸರಸ್ವತಿಯರ ಪಟ ಬಂದವು. ಮನೆಯ ಹೆಂಗಸರು ಆ ಪಟಗಳಿಗೆ ಜರಿಯ ಸೀರೆ ಅಂಟಿಸಿ, ಚಮಕಿ ಹಚ್ಚಿ, ಮಣಿಯ ಸರ ಹಾಕಿ ಕನ್ನಡಿಯ ಕಟ್ಟು ಹಾಕಿಸಿದರು. ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಆಗಿದ್ದ ಪಟ ಹೀಗೆ ಅವರವರ ಮನೆಯದಾಯಿತು. ಮೈಸೂರು ಕಡೆಯವರು ಸಂಕ್ರಾಂತಿಗೆ ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಗಿಳಿ, ಆನೆ, ಬಾಳೆಗೊನೆ ತೆಗೆಯುತ್ತಾರಲ್ಲ, ಆ ಸಕ್ಕರೆ ಅಚ್ಚು ಮತ್ತೇನು? ನಮ್ಮ ಭಾಷೆಯಲ್ಲಿ ಅಚ್ಚು ಎಂಬ ಒಂದೇ ಪದ ಸಕ್ಕರೆಯ ಮೂಸೆಗೂ ಆಯಿತು, ಮುದ್ರಣಕ್ಕೂ ಆಯಿತು. ನಮ್ಮ ಧಾರವಾಡ ಸೀಮೆಯಲ್ಲಿ ದಸರೆಗೆ ಒಂದು ಎಲೆ ಕೈಯಲ್ಲಿ ಹಿಡಿದು, “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು” ಅಂತ ಮನೆಮನೆಗೆ ಹೋಗುತ್ತೇವೆ. ಒಂದು ಚಿತ್ರ, ಒಂದು ಮಾತು, ಕೈಯಿಂದ ಕೈಗೆ. ಶುಭಾಶಯ ಪತ್ರದ ಲಕ್ಷಣ ಇದಕ್ಕಿಂತ ಬೇರೆ ಏನಿದೆ? ಸಂಕ್ರಾಂತಿಗೆ ಲಕೋಟೆಯೊಳಗೆ ನಾಲ್ಕು ಕಾಳು ಕುಸುರೆಳ್ಳು ಹಾಕಿ ಮುಂಬೈಯ ನೆಂಟರಿಗೆ ಕಾರ್ಡು ಕಳಿಸುತ್ತಿದ್ದ ಮನೆಗಳು ನಮ್ಮ ಓಣಿಯಲ್ಲೇ ಇದ್ದವು. ಪದ್ಧತಿ ಇತ್ತು. ಬಿಟ್ಟವರು ನಾವು.

ಎರಡನೆಯ ಆಕ್ಷೇಪಣೆ, ವಾಟ್ಸಾಪ್ ಇರುವಾಗ ಇದೆಲ್ಲ ಯಾಕೆ? ನವೆಂಬರ್ 1ರ ಬೆಳಿಗ್ಗೆ ಏಳರೊಳಗೆ ನನ್ನ ಫೋನಿಗೆ ಊರಿನಿಂದ ಹಳದಿ-ಕೆಂಪು ಚಿತ್ರಗಳು ನಲವತ್ತಾದರೂ ಬಂದಿರುತ್ತವೆ. ಅದರಲ್ಲಿ ಒಂದೇ ಭುವನೇಶ್ವರಿಯ ಚಿತ್ರ ಆರು ಜನರಿಂದ. ಕಳಿಸಿದವರು ಅದನ್ನು ಓದಿರುವುದಿಲ್ಲ, ಬಂದದ್ದನ್ನು ದೂಡಿರುತ್ತಾರೆ. ಹಿಂದೆ ಟೆಲಿಗ್ರಾಂನಲ್ಲಿ ಶುಭಾಶಯಕ್ಕೆ ಸಿದ್ಧವಾಕ್ಯಗಳಿದ್ದವು, ಪ್ರತಿಯೊಂದಕ್ಕೂ ಒಂದು ನಂಬರು. ನಂಬರು ಹೇಳಿದರೆ ಸಾಕು, ಆಚೆ ತುದಿಯಲ್ಲಿ ಮದುವೆಯ ಹಾರೈಕೆಯೋ ದೀಪಾವಳಿಯ ಹಾರೈಕೆಯೋ ಬರೆದುಕೊಡುತ್ತಿದ್ದರು. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು, ಆದರೆ ಆ ನಂಬರಿನ ಹಾರೈಕೆ ನಿಂತಿಲ್ಲ. ಟೆಲಿಗ್ರಾಂ ಕೊಡಲಿಕ್ಕೆ ಅಂಚೆ ಕಚೇರಿಯ ತನಕ ನಡೆಯಬೇಕಿತ್ತು, ಕಿಸೆಯಿಂದ ದುಡ್ಡು ತೆಗೆಯಬೇಕಿತ್ತು. ಈಗ ಅದೂ ಇಲ್ಲ. ಬ್ಯಾಂಕಿನಿಂದ ಹೊಸ ವರ್ಷಕ್ಕೆ ಗ್ರಾಹಕರಿಗೆ ಹೋಗುತ್ತಿದ್ದ ಕಾರ್ಡಿನಲ್ಲಿ ಅಧ್ಯಕ್ಷರ ಸಹಿಯೂ ಅಚ್ಚಾಗಿರುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಇಲಾಖೆಗಳೂ ಸರ್ಕಾರಿ ಬ್ಯಾಂಕುಗಳೂ ಕ್ಯಾಲೆಂಡರು, ಡೈರಿ ಮುದ್ರಿಸುವುದನ್ನೇ ನಿಲ್ಲಿಸಲು ಹೇಳಿತು. ಅಚ್ಚಾದ ಸಹಿಗೆ ನಾನು ಅಳುವವನಲ್ಲ. ನಾನು ಕೇಳುತ್ತಿರುವುದು, ಒಬ್ಬರ ಹೆಸರು ನೆನೆದು ಒಂದು ಗಂಟೆ ಕೂರುವ ಕೆಲಸವನ್ನು ಆ ಗುಂಪಿಗೆ ಯಾಕೆ ಸೇರಿಸುತ್ತೀರಿ ಎಂದು. ಕಾರ್ಡು ಮಾಡುವಾಗ ಆ ಮನುಷ್ಯ ಎದುರಿಗೆ ಕೂತಿರುತ್ತಾನೆ. ಅವನಿಗೆ ಯಾವ ಬಣ್ಣ ಸೇರುತ್ತದೆ, ಅವನ ಮನೆಯ ಅಂಗಳದಲ್ಲಿ ಯಾವ ಗಿಡ ಇತ್ತು, ಅವಳು ಯಾವ ಹೂವು ಮುಡಿಯುತ್ತಿದ್ದಳು, ಎಲ್ಲ ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಮೂರನೆಯದು ಖರ್ಚು. ಎಂ.ಕಾಂ. ಓದಿದವನಿಗೆ ಖರ್ಚಿನ ಲೆಕ್ಕ ಹೇಳಬೇಡಿ. ಯಂತ್ರಕ್ಕೆ ನಾನು ಕೊಟ್ಟದ್ದು 8,000 ರೂಪಾಯಿ. ಹತ್ತು ವರ್ಷದ ಬಾಳಿಕೆ, ವರ್ಷಕ್ಕೆ 120 ಕಾರ್ಡು ಅಂದರೆ ಒಂದು ಕಾರ್ಡಿಗೆ ಸವಕಳಿ 7 ರೂಪಾಯಿಯ ಒಳಗೆ. ಹಾಳೆ 10, ಶಾಯಿ-ಬಣ್ಣ 5, ಲಕೋಟೆ 3. ಒಟ್ಟು 25. ಅಂಚೆಗೆ 20 ಗ್ರಾಂ ತನಕ 5 ರೂಪಾಯಿ. 250 ಜಿ.ಎಸ್.ಎಂ.ನ ಅರ್ಧ ಎ-4 ಹಾಳೆ ತೂಗುವುದು 7.8 ಗ್ರಾಂ. ಮೇಲಿನ ಪದರ, ಲಕೋಟೆ ಸೇರಿದರೂ 20ರೊಳಗೆ ನಿಲ್ಲುತ್ತದೆ. ಸ್ಪಂಜಿನ ಟೇಪು ಹಾಕಿ ಗುಲಾಬಿಯ ಮೇಲೆ ಗುಲಾಬಿ ಏರಿಸಿದರೆ ಇನ್ನೊಂದು 5 ರೂಪಾಯಿಯ ಅಂಚೆಚೀಟಿ. ಅಂತೂ 35 ರೂಪಾಯಿ. ನಿಮ್ಮೂರಿನಲ್ಲಿ ಎರಡು ಪ್ಲೇಟು ಇಡ್ಲಿಗೂ ಅದು ಸಾಲದು. ಸಮಯದ ಬೆಲೆ ಎಲ್ಲಿ ಹಾಕಿದಿರಿ ಎಂದು ಕೇಳಬಹುದು. ಹಾಕಿಲ್ಲ, ಹಾಕುವುದೂ ಇಲ್ಲ. ಮಗಳಿಗೆ ಹೋಳಿಗೆ ಮಾಡಿಕೊಟ್ಟ ತಾಯಿ ಗಂಟೆಗೆ ಎಷ್ಟು ಎಂದು ಬರೆದಿಡುತ್ತಾಳೆಯೇ?

ಆದರೆ ಖರ್ಚಿನ ವಿಷಯದಲ್ಲಿ ನನ್ನ ಜೊತೆ ಕಾರ್ಡು ಮಾಡುವವರಿಗೂ ನಾಲ್ಕು ಮಾತು ಹೇಳದೆ ಬಿಡಲಾರೆ. ಇವರಲ್ಲಿ ಕೆಲವರು ಕಾರ್ಡು ಮಾಡುವುದಕ್ಕಿಂತ ಸಾಮಾನು ಕೊಳ್ಳುವುದೇ ಹೆಚ್ಚು. ಜಪಾನಿನ ಮಾರ್ಕರು, ಅಮೆರಿಕದ ಶಾಯಿ, ತಿಂಗಳಿಗೊಂದು ಹೊಸ ಡೈ. ಅಬ್ದುಲ್ ರೆಹಮಾನ್ ಬೀದಿಯಲ್ಲಿ ಕಾಗದದ ಅಂಗಡಿಗಳ ಸಾಲೇ ಇದೆ, ಅಲ್ಲಿಗೆ ಇವರ ಕಾಲು ಹೋಗುವುದಿಲ್ಲ. ವಿಡಿಯೋದಲ್ಲಿ ಯಾರೋ ಮಾಡಿದ್ದನ್ನು ಬಣ್ಣವೂ ತಪ್ಪದಂತೆ ಇಳಿಸಿ, ಮೇಲೆ ಹಿಮದ ಗುಡಿಸಲು ಅಂಟಿಸಿ, ದೀಪಾವಳಿಗೆ ಕಳಿಸುತ್ತಾರೆ. ಅದು ಕೈಯಿಂದ ಮಾಡಿದ ಫಾರ್ವರ್ಡು, ಅಷ್ಟೇ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರವಿದೆ, ನಮ್ಮ ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ಆನೆಗಳಿವೆ, ಬಾಗಿಲ ಮುಂದೆ ಚುಕ್ಕಿ ರಂಗೋಲಿಯಿದೆ. ಇವೆಲ್ಲ ರೇಖೆಯ ಕೆಲಸ. ಠಸ್ಸೆಗೆ ಹೇಳಿ ಮಾಡಿಸಿದಂಥವು. ಪರದೇಶದ ಕಂಪನಿ ಬಂದು ನಮ್ಮ ತೇರನ್ನು ನಮಗೆ ಮಾರುವ ತನಕ ಕಾಯಬೇಕೇ?

ಈಗ ಮುಖ್ಯ ಮಾತು. ಕಳೆದ ಸಲ ಬೆಂಗಳೂರಿಗೆ ಬಂದಾಗ ಕರಕುಶಲ ಸಾಮಾನಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಹೊರಗೆ ಬೋರ್ಡಿನ ಮೇಲೆ ಕನ್ನಡ ದೊಡ್ಡದಾಗಿ ಕಾಣುತ್ತಿತ್ತು. 2024ರಲ್ಲಿ ನೀವು ಕಾಯಿದೆ ತಿದ್ದಿ ಬೋರ್ಡಿನ ಶೇಕಡ 60 ಕನ್ನಡವಾಗಿರಬೇಕು ಅಂದಿರಿ. ಸಂತೋಷ. ಒಳಗೆ ಹೋಗಿ ಕನ್ನಡದ ಠಸ್ಸೆ ಕೇಳಿದೆ. ಹುಡುಗಿ ಕನ್ನಡದವಳೇ, ಪಾಪ, ಒಳ್ಳೆಯ ಮನಸ್ಸಿನಿಂದ ಎಲ್ಲ ಕಪಾಟು ಹುಡುಕಿ, “ಇಲ್ಲ ಅಂಕಲ್, ಯಾರೂ ಕೇಳಲ್ಲ” ಅಂದಳು. ಹೊರಗೆ 60, ಒಳಗೆ ಸೊನ್ನೆ. ಬೋರ್ಡು ಓದುವವರು ರಸ್ತೆಯಲ್ಲಿ ಹೋಗುವವರು. ಕಾರ್ಡು ಓದುವವರು ನಮ್ಮವರು, ನಮ್ಮ ಮಕ್ಕಳು. ಕಾನೂನು ಬೋರ್ಡಿನ ತನಕ ಬರಬಹುದು. ತಂಗಿಗೆ ಬರೆಯುವ ಎರಡು ಸಾಲು ಯಾವ ಭಾಷೆಯಲ್ಲಿರಬೇಕು ಎಂದು ಕಾನೂನು ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕು.

ಕನ್ನಡದಲ್ಲಿ ಠಸ್ಸೆ ಮಾಡುವುದು ಕಷ್ಟ ಎಂಬ ನೆಪ ನಡೆಯುವುದಿಲ್ಲ. ಪ್ರತಿ ತಾಲ್ಲೂಕು ಕಚೇರಿಯ ಎದುರು ಠಸ್ಸೆ ಮಾಡಿಕೊಡುವವನು ಕೂತಿರುತ್ತಾನೆ. ಅವನ ಕೆಲಸ ಬಹುಪಾಲು ಕನ್ನಡದ್ದೇ. ವಿಧಾನ ಬಹಳ ಸರಳ. ಅಕ್ಷರದ ನೆಗೆಟಿವ್ ಫಿಲ್ಮಿನ ಮೇಲೆ ದ್ರವ ಪಾಲಿಮರ್ ಹೊಯ್ದು ನೇರಳಾತೀತ ಬೆಳಕು ಬಿಟ್ಟರೆ, ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಅವನ ಹತ್ತಿರ ಕನ್ನಡದಲ್ಲಿ ‘ತಿರಸ್ಕರಿಸಲಾಗಿದೆ’ ಎಂಬ ಠಸ್ಸೆ ಉಂಟು, ‘ಅರ್ಜಿ ಸ್ವೀಕರಿಸಲಾಗಿದೆ’ ಉಂಟು. ‘ಚೆನ್ನಾಗಿರು’ ಎಂಬುದಿಲ್ಲ. ನಾನು 150 ರೂಪಾಯಿ ಕೊಟ್ಟು ‘ಆರಾಮ ಇರ್ರಿ’ ಎಂಬ ಠಸ್ಸೆ ಮಾಡಿಸಿದೆ. ಮಾಡಿದವನು ಇದು ಯಾವ ಇಲಾಖೆಯದು ಎಂದು ಕೇಳಿದ!

ಡೈ ವಿಷಯದಲ್ಲಿ ಮಾತ್ರ ನಿಜವಾದ ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ದೇವನಾಗರಿಯಲ್ಲಿ ಅಕ್ಷರಗಳ ತಲೆಯ ಮೇಲೆ ಗೆರೆ ಹಾದುಹೋಗುತ್ತದೆ. ‘ದೀಪಾವಳಿ’ ಎಂಬ ಪದವನ್ನು ಡೈಯಲ್ಲಿ ಕತ್ತರಿಸಿದರೆ ಹೆಚ್ಚು ಕಡಿಮೆ ಒಂದೇ ತುಂಡಾಗಿ ಕೈಗೆ ಬರುತ್ತದೆ. ಇಂಗ್ಲಿಷಿನ ಕೂಡಕ್ಷರವೂ ಹಾಗೆಯೇ. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ತನ್ನದೇ ತಲೆಕಟ್ಟು, ಕೆಳಗೆ ಒತ್ತಕ್ಷರ ಬೇರೆ. ‘ಹುಟ್ಟುಹಬ್ಬದ ಶುಭಾಶಯಗಳು’ ಕತ್ತರಿಸಿದರೆ ಕೈಗೆ ಬರುವುದು 13 ತುಂಡು. ಟವತ್ತು ಬವತ್ತು ಫ್ಯಾನಿನ ಗಾಳಿಗೆ ಹಾರಿ ಮಂಚದ ಕೆಳಗೆ. ಇದಕ್ಕೂ ಉಪಾಯವಿದೆ. ಇಡೀ ಪದದ ಸುತ್ತ ಎರಡು ಮಿಲಿಮೀಟರ್ ದೂರದಲ್ಲಿ ಒಂದೇ ಹೊರಗೆರೆ ಹಾಕಿ ತಳದ ತುಂಡು ಕತ್ತರಿಸಿ, ಅದರ ಮೇಲೆ ಅಕ್ಷರ ಒತ್ತಬಹುದು. ಇಲ್ಲವೇ ಅಕ್ಷರದ ಹೊಟ್ಟೆಗೆ ಅಕ್ಷರದ ಬೆನ್ನು ತಾಗುವಂತೆ ಕೂಡಿಸಿ ಬರೆಸಬಹುದು. ನಮ್ಮ ಅಕ್ಷರಗಳು ಗುಂಡಗೆ ಇರುವುದರಿಂದ ಕೂಡಿಸಲಿಕ್ಕೆ ಚಲೋ. ದಪ್ಪ ಅಕ್ಷರ ಬೇಕೆಂದರೆ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟು ಉಚಿತವಾಗಿ ಸಿಗುತ್ತದೆ. ಅದನ್ನು ಮಾಡಿದ ಏಕ್ ಟೈಪ್ ಸಂಸ್ಥೆ ಇರುವುದು ಇಲ್ಲೇ, ಮುಂಬೈಯಲ್ಲಿ. ಕನ್ನಡಕ್ಕೆ ಮುಂಬೈ ಅಕ್ಷರ ಮಾಡಿಕೊಟ್ಟಿದೆ. ಬೆಂಗಳೂರು ಒಂದು ಠಸ್ಸೆ ಮಾಡಿಕೊಡಬಾರದೆ?

ಇನ್ನೊಂದು ಮಾತು, ಠಸ್ಸೆಯಲ್ಲಿ ಏನು ಬರೆಸಬೇಕು ಎಂಬುದು. ‘ಹಾರ್ದಿಕ ಶುಭಾಶಯಗಳು’ ಎಂಬುದು ಮುಖ್ಯಮಂತ್ರಿಯ ಜಾಹೀರಾತಿಗೆ ಸರಿ. ಮನೆಯಲ್ಲಿ ಯಾರು ಯಾರಿಗೆ ಹಾಗೆ ಹೇಳುತ್ತಾರೆ? ಇಂಗ್ಲಿಷಿನ ಕಾರ್ಡನ್ನು ಮುಂದಿಟ್ಟುಕೊಂಡು ಅದರ ಮಾತನ್ನು ಕನ್ನಡಕ್ಕೆ ತಿರುವಿದರೆ ಹೀಗೇ ಆಗುವುದು. ಜ್ವರ ಬಂದವರಿಗೆ ನಾವು ಹೇಳುವುದು, “ಲಗೂ ಆರಾಮಾಗ್ರಿ”. ಮದುವೆಯಾದ ಹುಡುಗಿಗೆ ಹೇಳುವುದು, “ನೂರು ವರ್ಷ ಚಂದಾಗಿ ಬಾಳವಾ”. ದೂರ ಹೋದ ಮಗನಿಗೆ, “ನೀ ಇಲ್ದ ಮನಿ ಬಿಕೋ ಅಂತದಪಾ”. ಮೈಸೂರು ಕಡೆಯವರಿಗೆ “ಊಟ ಆಯ್ತಾ?” ಎಂಬ ಎರಡೇ ಪದದ ಕಾರ್ಡು ಸಾಕು, ಅದರಲ್ಲಿ ಎಲ್ಲವೂ ಬಂತು. ಮಂಗಳೂರಿನವರದು, ಕಲಬುರ್ಗಿಯವರದು ಬೇರೆ. ಸಾವಿನ ಮನೆಗೆ ಮಾತ್ರ ನಾನು ಏನೂ ಅಚ್ಚು ಹಾಕುವುದಿಲ್ಲ. ಒಂದು ತುಳಸಿ ಎಲೆ ಒತ್ತಿ ಒಳಗೆ ಕೈಯಲ್ಲಿ ಬರೆಯುತ್ತೇನೆ.

ಈ ಒಂದು ಠಸ್ಸೆಗೆ ಇಷ್ಟೇಕೆ ಒದ್ದಾಟ ಎಂದು ಇನ್ನೂ ಅನಿಸುತ್ತಿದ್ದರೆ, ಇಲ್ಲಿನ ಸ್ಥಿತಿ ಕೇಳಿ. ನಮ್ಮ ಮನೆಗಳಲ್ಲಿ ಕನ್ನಡ ಮಾತಾಡುವ ಮಕ್ಕಳು ಉಂಟು, ಓದುವ ಮಕ್ಕಳು ಕಡಿಮೆ. ನನ್ನ ಮೊಮ್ಮಗ ಪುಣೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಓದುತ್ತಾನೆ. ಅವನ ಹೆಸರಿಗೆ ಅಂಚೆಯಲ್ಲಿ ಬರುವ ಕನ್ನಡ ಎಂದರೆ ನನ್ನ ಕಾರ್ಡು ಮಾತ್ರ. ಮೊದಲು ಅಮ್ಮನಿಂದ ಓದಿಸುತ್ತಿದ್ದ. ಈಗ ತನ್ನ ಹೆಸರನ್ನೂ ‘ಅಜ್ಜ’ ಎಂಬುದನ್ನೂ ತಾನೇ ಗುರುತಿಸುತ್ತಾನೆ. ಜ್ಜ-ದ ಒತ್ತು ಅವನಿಗೆ ಆಮೆಯ ಹಾಗೆ ಕಾಣುತ್ತದಂತೆ. ಭಾನುವಾರ ನಮ್ಮ ಕಡೆಯ ಎಂಟು ಹತ್ತು ಹುಡುಗರಿಗೆ ರಬ್ಬರು ಕೊರೆದು ಠಸ್ಸೆ ಮಾಡುವುದು ಹೇಳಿಕೊಡುತ್ತೇನೆ. ಒತ್ತಿದಾಗ ನೆಟ್ಟಗೆ ಬೀಳಬೇಕಾದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯಬೇಕು. ಹಾಗೆ ಕೊರೆಯಲಿಕ್ಕೆ ‘ಕ’ವನ್ನು ಅರ್ಧ ಗಂಟೆ ನೋಡಬೇಕು. ವರ್ಣಮಾಲೆಯ ಪುಸ್ತಕ ಕೊಟ್ಟರೆ ಓಡಿಹೋಗುವ ಹುಡುಗರು ‘ಕ’ ಕೊರೆದು ಮುಗಿಸದೆ ಏಳುವುದಿಲ್ಲ.

ಹೋದ ವರ್ಷ ನಮ್ಮ ಬ್ಯಾಂಕಿನ ಹಳೆಯ ಹೆಡ್ ಕ್ಯಾಷಿಯರರು ತೀರಿಕೊಂಡರು. ವಿಜಾಪುರ ಕಡೆಯವರು. ಹದಿನೈದು ದಿನದ ಮೇಲೆ ಅವರ ಮಗ ಫೋನು ಮಾಡಿದ. ಇಲ್ಲೇ ಹುಟ್ಟಿ ಬೆಳೆದವನು, ಐ.ಟಿ. ಕಂಪನಿಯಲ್ಲಿ ಒಳ್ಳೆಯ ಕೆಲಸ. “ಅಂಕಲ್, ಪಪ್ಪಾನ ಕಪಾಟಿನ್ಯಾಗ ನಿಮ್ಮ ಕಾರ್ಡು ಅವ, ಒಂದರ ಮ್ಯಾಲ ಒಂದು ಜೋಡಿಸಿ ಇಟ್ಟಾರ. ಅದರಾಗ ಏನ ಬರದೀರಿ, ನನಗ ಓದಲಿಕ್ಕ ಬರಂಗಿಲ್ಲ” ಅಂದ. ಒಂದೊಂದರ ಫೋಟೋ ಕಳಿಸಿದ, ನಾನು ಫೋನಿನಲ್ಲಿ ಓದಿ ಹೇಳಿದೆ. ಎರಡು ಸಾಲು, ಮೂರು ಸಾಲು, ಅಷ್ಟೇ. ಮಗನಿಗೆ ಅಪ್ಪನ ಭಾಷೆ ಕಿವಿಯಲ್ಲಿ ಉಳಿದಿದೆ, ಕಣ್ಣಿಗೆ ಸಿಕ್ಕಿಲ್ಲ. ಇದು ಅವನೊಬ್ಬನ ಕಥೆಯಲ್ಲ, ಚೆನ್ನೈ, ಹೈದರಾಬಾದು, ದೆಹಲಿಯ ಕನ್ನಡದ ಮನೆಗಳಲ್ಲೂ ಕೇಳಿ ನೋಡಿ. ಬೆಂಗಳೂರಿನಲ್ಲೂ ಇಂಥ ಮನೆಗಳು ಎಷ್ಟಿವೆ ಎಂದು ನೀವೇ ಎಣಿಸಿಕೊಳ್ಳಿ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಠಸ್ಸೆ ಮಾಡುವವರು ಇಪ್ಪತ್ತು ಕನ್ನಡದ ಮಾತು, ಹತ್ತು ನಮ್ಮ ಚಿತ್ರ ಆರಿಸಿ ಒಂದು ಹಾಳೆ ಪಾಲಿಮರ್ ಠಸ್ಸೆ ಮಾಡಿ ಮಾರಲಿ. ನಷ್ಟವಾದರೆ ಮೊದಲ ನೂರು ಹಾಳೆ ನಮ್ಮಂಥವರು ಕೊಳ್ಳುತ್ತೇವೆ. ಅಂಗಡಿಯವರು ‘ಯಾರೂ ಕೇಳಲ್ಲ’ ಅನ್ನುವ ಮೊದಲು ಒಂದು ಸಲ ಇಟ್ಟು ನೋಡಲಿ, ಇಡದ ಮಾಲನ್ನು ಯಾರು ಕೇಳುತ್ತಾರೆ? ಕನ್ನಡದ ಹೆಸರಿನಲ್ಲಿ ಸರ್ಕಾರದಿಂದ ಅನುದಾನ ಪಡೆಯುವ ಸಂಸ್ಥೆಗಳು ಕೂಡಿಸಿ ಬರೆದ ಅಕ್ಷರಗಳ ನಕ್ಷೆ ಮಾಡಿಸಿ ಎಲ್ಲರಿಗೂ ಉಚಿತವಾಗಿ ಬಿಡಲಿ. ಶಾಲೆಯ ಕರಕುಶಲ ಪಿರಿಯಡ್ಡಿನಲ್ಲಿ ಥರ್ಮೋಕೋಲಿನ ಮನೆ ಕಟ್ಟಿಸುವುದನ್ನು ಬಿಟ್ಟು ಒಂದು ‘ಕ’ ಕೊರೆಸಲಿ.

ನೀವು, ಇದನ್ನು ಓದುತ್ತಿರುವವರು, ಯಂತ್ರ-ಡೈ ಯಾವುದೂ ಕೊಳ್ಳಬೇಡಿ. ಅರ್ಧ ಎ-4 ಹಾಳೆ, ಒಂದು ರಬ್ಬರು, ಒಂದು ಬ್ಲೇಡು, ಅಂಚೆ ಕಚೇರಿಯ ಪಕ್ಕದಲ್ಲಿ ಸಿಗುವ ಶಾಯಿ ಪ್ಯಾಡು ಸಾಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದರು. ಅಂಚೆಯಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಿರುವುದು ನನಗೂ ಕಾಣುತ್ತದೆ. ಐದು ರೂಪಾಯಿಯ ಲಕೋಟೆ ಇನ್ನೂ ಹೋಗುತ್ತದೆ, ಅದು ಹೋಗುತ್ತಿರುವಾಗಲೇ ಕಳಿಸಿ. ಬರುವ ಸಂಕ್ರಾಂತಿಗೆ ಹೊರನಾಡಿನಲ್ಲಿರುವ ನಿಮ್ಮವರೊಬ್ಬರಿಗೆ, ಅವರಿಗಲ್ಲ, ಅವರ ಮಕ್ಕಳ ಹೆಸರಿಗೆ ಒಂದು ಕಾರ್ಡು ಬರಲಿ. ವಿಳಾಸ ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ, ಪಿನ್‌ಕೋಡ್ ಮರೆಯಬೇಡಿ, ನಮ್ಮ ಪೋಸ್ಟ್‌ಮನ್ನರಿಗೆ ಕನ್ನಡ ಬಾರದು. ಒಳಗಿನದು ಕನ್ನಡದಲ್ಲಿರಲಿ. ಓದಲು ಬರದಿದ್ದರೆ ಮಕ್ಕಳು ಕೇಳುತ್ತಾರೆ, ನಾವು ಓದಿ ಹೇಳುತ್ತೇವೆ.